ಅವ್ವ ಗಟ್ಟಿಯಾಗಿ ಓದುತ್ತಿದ್ದ ವಾಚನಾಲಯ

ನನ್ನ ಅವ್ವ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಊರೂರಿಗೆ ದೊಡ್ಡವರ ಶಾಲೆಗಳು ನಡೆದವಲ್ಲ, ಮೊಮ್ಮಕ್ಕಳನ್ನು ಕಂಡವರೂ ಪಾಟಿ ಹಿಡಿದು ಕೂತರಲ್ಲ, ಆಗ. ಸಿಂದಗಿಯ ನಮ್ಮ ಓಣಿಯಲ್ಲಿ ಗುಡಿಯ ಕಟ್ಟೆಯ ಮೇಲೆ ಕೂತ ಹೆಂಗಸರಲ್ಲಿ ಬಹಳಷ್ಟು ಜನ ತಮ್ಮ ಹೆಸರು ಬರೆಯಲು ಕಲಿತು, ಇಷ್ಟು ಸಾಕಪ್ಪ ಎಂದು ಎದ್ದು ಹೋದರು. ಅವ್ವ ಏಳಲಿಲ್ಲ. ಹಿಡಿದದ್ದನ್ನು ಬಿಡುವ ಜಾಯಮಾನವೇ ಅವಳದಲ್ಲ. ಅದು ಜಗಳವಾದರೂ ಅಷ್ಟೆ, ಒತ್ತಕ್ಷರವಾದರೂ ಅಷ್ಟೆ.

ನಾನು ಆಗಷ್ಟೇ ಆಲಮೇಲದ ಕಡೆ ಒಂದು ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಸೇರಿದ್ದೆ. ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ನನ್ನನ್ನು ಓದಿಸಿದ್ದಳು. ನನಗೆ ನೌಕರಿ ಬಂದ ಮೇಲೂ ರೊಟ್ಟಿ ಬಿಡಲಿಲ್ಲ. ಬಿಡು ಎಂದರೆ, "ಕೈ ಸುಮ್ಮ ಕುಂದರೂದಿಲ್ಲ" ಎನ್ನುವಳು. ಊರ ಮಕ್ಕಳಿಗೆಲ್ಲ ಅಕ್ಷರ ಹೇಳುವ ನಾನು ಅವಳಿಗೂ ಹೇಳಿಕೊಡಲು ಹೋಗಿ ನೋಡಿದೆ. ಇಬ್ಬರಿಗೂ ಮೂಗಿನ ತುದಿಯಲ್ಲೇ ಸಿಟ್ಟು. "ನೀ ನಿನ್ನ ಸಾಲಿ ಹುಡುಗರಿಗೆ ಕಲಸು, ನನ್ನ ತಂಟೇಕ ಬರಬ್ಯಾಡ" ಎಂದು ಪುಸ್ತಕ ಮಡಚಿ ಎದ್ದಳು. ನಮ್ಮ ಮನೆಯ ಪಾಠ ಅಲ್ಲಿಗೆ ಮುಗಿಯಿತು.

ಅವಳಿಗೆ ಓದು ನಿಜವಾಗಿ ಹತ್ತಿದ್ದು ಓಣಿಯ ಕೊನೆಯ ವಾಚನಾಲಯದಲ್ಲಿ. ಅದು ಒಂದೇ ಕೋಣೆಯ ಚಿಕ್ಕ ಶಾಖೆ. ಒಂದು ಉದ್ದನೆಯ ಮೇಜು, ಎರಡು ಬೆಂಚು, ಗೋಡೆಗೆ ಒರಗಿದ ಕಬ್ಬಿಣದ ಕಪಾಟುಗಳು, ಬಾಗಿಲ ಮೇಲೆ 'ಶಾಂತತೆ ಕಾಪಾಡಿರಿ' ಎಂಬ ತಗಡಿನ ಫಲಕ. ಅದನ್ನು ನೋಡಿಕೊಳ್ಳುತ್ತಿದ್ದವರು ಮುದ್ದೇಬಿಹಾಳದ ಕಡೆಯವರು, ನಿವೃತ್ತಿಗೆ ಹತ್ತಿರ ಬಂದಿದ್ದ ತೆಳ್ಳನೆಯ ಮನುಷ್ಯ. ಎಂದೂ ಶಾಲೆಯಲ್ಲಿ ಕಲಿಸಿದವರಲ್ಲ, ಆದರೂ ಓಣಿಗೆಲ್ಲ ಅವರು ಮಾಸ್ತರರೇ. ಬೆಳಿಗ್ಗೆ ಮತ್ತು ಸಂಜೆ ಗಂಡಸರು ಬಂದು ಪತ್ರಿಕೆಯ ಹಾಳೆಗಳನ್ನು ಬೇರೆ ಬೇರೆ ಮಾಡಿ ಹಂಚಿಕೊಂಡು ಓದುತ್ತಿದ್ದರು. ಮಧ್ಯಾಹ್ನ ನಿಯಮದ ಪ್ರಕಾರ ಬಾಗಿಲು ಹಾಕಬೇಕು. ಮಾಸ್ತರರು ಮಾತ್ರ ಅದೇ ಹೊತ್ತಿಗೆ ಬುತ್ತಿ ಉಂಡು, ಬಾಗಿಲನ್ನು ಅರ್ಧ ತೆಗೆದಿಟ್ಟು ಹೆಂಗಸರಿಗಾಗಿ ಕಾಯುತ್ತಿದ್ದರು.

ಬರುತ್ತಿದ್ದವರು ನಾಲ್ಕಾರು ಮಂದಿ. ತಪ್ಪದೆ ಬರುತ್ತಿದ್ದವರು ಇಬ್ಬರು: ಖಾನಾವಳಿಯ ಕೆಲಸ ಮುಗಿಸಿ ಸೆರಗಿನ ಹಿಟ್ಟು ಕೊಡವಿಕೊಂಡು ಬರುವ ಅವ್ವ, ಮತ್ತು ಓಣಿ ಓಣಿ ತಿರುಗಿ ಬಳೆ ತೊಡಿಸುವ ಅವಳ ಗೆಳತಿ. ಇಬ್ಬರೂ ಒಂದೇ ಪುಸ್ತಕದ ಮೇಲೆ ಬಗ್ಗಿ, ಒಂದು ವಾಕ್ಯ ಇವಳು, ಒಂದು ವಾಕ್ಯ ಅವಳು, ಬೀದಿಗೆ ಕೇಳುವಂತೆ ಗಟ್ಟಿಯಾಗಿ ಓದುವರು. ಬಳೆಯವಳು ಕಠಿಣ ಶಬ್ದ ಬಂದರೆ ಹಾರಿಸಿ ಮುಂದೆ ಹೋಗುವಳು. ಅವ್ವ ಬಿಡುವಳೇ? "ಏ, ಒಂದು ಶಬ್ದ ನುಂಗಿದಿ, ಹೊಳ್ಳಿ ಬಾ" ಎಂದು ಬೆರಳಿಟ್ಟು ಹಿಡಿಯುವಳು. ಶನಿವಾರ ನನಗೆ ಬೆಳಗಿನ ಶಾಲೆ; ಮಧ್ಯಾಹ್ನದ ಬಸ್ಸಿಗೆ ಬಂದಿಳಿದು ಮನೆಯತ್ತ ಬರುವಾಗ ಈ ಜಗಳ ನನಗೆ ಓಣಿಯ ತಿರುವಿನಲ್ಲೇ ಕೇಳುತ್ತಿತ್ತು. ಬಿಸಿಲಲ್ಲಿ ನಿಂತು ಕೇಳುತ್ತಿದ್ದೆ. ನಾನೇ ಕಲಿಸಲಾಗದ್ದು ಅಲ್ಲಿ ನಡೆದಿತ್ತೆಂದು ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು, ಅದಕ್ಕಿಂತ ಹೆಚ್ಚು ಖುಷಿಯಾಗುತ್ತಿತ್ತು.

ಒಂದು ದಿನ ಪತ್ರಿಕೆಯ ಒಳಪುಟದಲ್ಲಿ ಹೂವಿನ ಹಿಪ್ಪರಗಿಯ ಒಂದು ಸಣ್ಣ ಸುದ್ದಿ ಇತ್ತು. ಯಾವುದೋ ಕೆರೆಯ ಹೂಳಿನ ವಿಷಯ. ಅವ್ವ ಅದನ್ನು ತಾನೇ ಓದಿ, ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು, "ನನ್ನ ತವರಮನಿ ಊರು ಪೇಪರಿನ್ಯಾಗ ಐತಿ, ನಾನ ಓದಿದೆ, ಯಾರೂ ಹೇಳಿಕೊಡಲಿಲ್ಲ" ಎಂದಳು. ಹೂಳಿನ ಸುದ್ದಿಗೆ ಅಷ್ಟು ಸಂಭ್ರಮಪಟ್ಟವರು ಈ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ ಎಂದು ನಾನು ಛೇಡಿಸಿದೆ.

ಮನಸ್ಸಿನಲ್ಲೇ ಓದಿಕೊಳ್ಳುವುದು ಮಾತ್ರ ಅವಳಿಗೆ ಬರಲಿಲ್ಲ. ಕಣ್ಣು ಅಕ್ಷರ ಕಾಣಬೇಕು, ಬಾಯಿ ಅದನ್ನು ಆಡಬೇಕು, ಕಿವಿ ಕೇಳಬೇಕು; ಆಗಲೇ ಅದು ಮಾತಾಗುತ್ತಿತ್ತು. "ಬಾಯಿ ಆಡಿದರ ತಿಳಿತೈತಿ. ಬಾಯಿ ಮುಚ್ಚಿದೆ ಅಂದ್ರ ಬರೇ ಇರಿವಿ ಸಾಲು ಕಂಡಂಗ ಕಾಣತೈತಿ" ಎನ್ನುತ್ತಿದ್ದಳು. ಫಲಕದ ಶಾಂತತೆಯ ಗತಿಯೇನು ಎಂದು ಮಾಸ್ತರರನ್ನು ನಾನು ಕೆಣಕಿದ್ದೆ. ಅವರು, "ಅದು ಗಂಡಸರಿಗೆ ಹಾಕೇದ್ರಿ ಅಕ್ಕೋರ. ಮಧ್ಯಾಹ್ನ ಆ ಬೋರ್ಡಿಗೆ ರಜಾ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದು ಮಾತು ಹೇಳಿದರು.

"ಇವರದು ಇನ್ನೂ ಎಳೆ ಸಸಿ ಇದ್ದಂಗ್ರಿ. ದಿನಾ ನೀರು ಬೀಳಬೇಕು. ಒಂದೆರಡು ವರ್ಷ ಓದೂದು ಬಿಟ್ರಂದ್ರ ಹೊಳ್ಳಿ ಎಲ್ಲಾ ಮರತುಬಿಡ್ತಾರ. ನಾ ಬ್ಯಾರೆ ಊರಾಗ ನೋಡೇನಿ."

ಓದು ಬಂದವರಿಗೆ ಓದು ಮರೆಯುವುದೆಂದರೇನು ಎಂದು ನಾನು ನಂಬಲಿಲ್ಲ. ಆದರೆ ಅವರು ನಿವೃತ್ತರಾದ ಮೇಲೆ ಈ ಅರ್ಧ ಬಾಗಿಲನ್ನು ಯಾರು ತೆಗೆದಿಡುತ್ತಾರೆ ಎಂಬ ಪ್ರಶ್ನೆ ಅವತ್ತೇ ನನ್ನ ತಲೆಗೆ ಹೊಕ್ಕಿತು. ಮತ್ತೆ ಹೊರಗೆ ಹೋಗಲಿಲ್ಲ.

ಹೊರಗಿನ ಲಕ್ಷಣಗಳೂ ಚೆನ್ನಾಗಿರಲಿಲ್ಲ. ವಾರಪತ್ರಿಕೆಗಳು ಒಂದೊಂದಾಗಿ ಬರುವುದು ನಿಂತವು. ಎದುರಿನ ಅಂಗಡಿಗೆ ಕೇಬಲ್ ಟಿ.ವಿ. ಬಂತು; ಸಂಜೆ ಪತ್ರಿಕೆ ಓದಲು ಬರುತ್ತಿದ್ದವರಲ್ಲಿ ಅರ್ಧ ಮಂದಿ ಆ ಕಟ್ಟೆಗೆ ಸರಿದರು. ಉಳಿದವರು ಓದುತ್ತ ಓದುತ್ತ ಕತ್ತು ತಿರುಗಿಸಿ ಅತ್ತ ನೋಡುವರು. ಮಳೆಗಾಲದಲ್ಲಿ ಗೋಡೆಯ ಮೂಲೆ ಹಸಿಯಾಗಿ ಗಾರೆ ಉದುರಿದಾಗ ದುರಸ್ತಿಗೆ ಯಾರೂ ಬರಲಿಲ್ಲ. ಹೊಸ ಪುಸ್ತಕಗಳು ಮಾತ್ರ ಗಂಟು ಗಂಟಾಗಿ ಬರುತ್ತಿದ್ದವು. ದಪ್ಪ ರಟ್ಟಿನವು, ನಮ್ಮ ಓಣಿಯಲ್ಲಿ ಯಾರಿಗೂ ಬೇಡವಾದವು. ಅವು ಕಪಾಟಿನಲ್ಲಿ ಬಿಗಿಯಾಗಿ ನಿಂತಿರುತ್ತಿದ್ದವು. ಹೆಂಗಸರ ಕೈಗೆ ಓಡಾಡುತ್ತಿದ್ದವು ದೊಡ್ಡ ಅಕ್ಷರದ ತೆಳು ಪುಸ್ತಕಗಳು. ಅವುಗಳ ಮೂಲೆಗಳು ಸವೆದು, ಹಾಳೆ ಕಳಚಿ, ಅವ್ವನೇ ಹಿಟ್ಟಿನ ಅಂಟು ಕುದಿಸಿ ಹಚ್ಚಿದ್ದಳು.

ಅಷ್ಟರಲ್ಲಿ ಮೇಲಿನಿಂದ ಒಬ್ಬ ಸಾಹೇಬರು ಬರುತ್ತಾರೆಂಬ ಸುದ್ದಿ ಬಂತು. ಸಣ್ಣ ಶಾಖೆಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಮುಚ್ಚಿ ದೊಡ್ಡದರಲ್ಲಿ ಸೇರಿಸಬೇಕು ಎಂದು ಅವರು ನೋಡಿ ಬರೆದುಕೊಂಡು ಹೋಗುವವರು. ಮುದ್ದೇಬಿಹಾಳ ಮುಗಿಸಿ ನಮ್ಮಲ್ಲಿಗೆ, ಮರುದಿನ ಇಂಡಿಗೆ. ಮಾಸ್ತರರ ಮುಖ ಕಪ್ಪಾಯಿತು. ಅವ್ವ ಮಾತ್ರ ಸೊಂಟಕ್ಕೆ ಸೆರಗು ಸಿಗಿಸಿದಳು. "ಬಂದ್ರ ಬರಲಿ. ಅವರು ಕಣ್ಣಾಗ ಕಣ್ಣಿಟ್ಟು ನೋಡಿದರೂ ಒಂದು ಧೂಳು ಕಾಣಬಾರ್ದು, ಹಂಗ ಮಾಡೂಣು" ಎಂದಳು.

ನಮ್ಮ ಕಡೆ ಮನೆಗೆ ಬೀಗರು ಬರುತ್ತಾರೆಂದರೆ ಏನು ಮಾಡುತ್ತಾರೋ ಎಲ್ಲವನ್ನೂ ಅವ್ವ, ಬಳೆಯವಳು, ಮಾಸ್ತರರು ಸೇರಿ ಆ ಕೋಣೆಗೆ ಮಾಡಿದರು. ಗೋಡೆಗೆ ಸುಣ್ಣ ಹೊಡೆದರು. ನೆಲ ತಿಕ್ಕಿ ತೊಳೆದರು. ಮೇಜಿಗೆ ಬಳೆಯವಳ ಮನೆಯ ಕಸೂತಿಯ ಬಟ್ಟೆ ಬಂತು. ಓಣಿಯಲ್ಲಿ ಯಾರ್‍ಯಾರ ಮನೆಯಲ್ಲಿ ಓದಲು ಒಯ್ದ ಪುಸ್ತಕಗಳಿದ್ದವೋ ಎಲ್ಲವನ್ನೂ ಕೇಳಿ ತರಿಸಿ ಸಾಲಾಗಿ ಜೋಡಿಸಿದರು. ಬೀಗರು ಬಂದಾಗ ಹರಿದ ಕೌದಿಗಳನ್ನು ಯಾರಾದರೂ ಹಾಸಿ ತೋರಿಸುತ್ತಾರೆಯೇ? ಅಟ್ಟಕ್ಕೆ ಹಾಕುತ್ತಾರೆ. ಹಾಗೆಯೇ ಆ ಸವೆದ, ಅಂಟು ಹಚ್ಚಿದ ತೆಳು ಪುಸ್ತಕಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕೋಣೆಯ ಹಿಂದಿನ ಜಗಲಿಗೆ ಸಾಗಿಸಿದರು. ಯಾರೂ ಮುಟ್ಟದ ದಪ್ಪ ಪುಸ್ತಕಗಳನ್ನು ಒರೆಸಿ ಕಣ್ಣಿಗೆ ಕಾಣುವ ಸಾಲಿಗೆ ತಂದು ನಿಲ್ಲಿಸಿದರು. ಕೊನೆಗೆ ಅವರೇ ಕೂತು ನಿರ್ಧಾರ ಮಾಡಿದರು: ಸಾಹೇಬರು ಬರುವ ಹೊತ್ತಿಗೆ ಒಳಗೆ ಯಾರೂ ಇರಬಾರದು, ಗದ್ದಲವಾಗಬಾರದು. ಇದನ್ನೆಲ್ಲ ಅವರು ನಾನು ಆಲಮೇಲದ ಶಾಲೆಯಲ್ಲಿದ್ದಾಗ ಮಾಡಿ ಮುಗಿಸಿದ್ದರು.

ಅವತ್ತು ನಾನು ಅರ್ಧ ದಿನ ರಜೆ ಹಾಕಿ ಬಂದೆ. ಬಾಗಿಲಲ್ಲಿ ರಂಗೋಲಿ, ಒಳಗೆ ಸುಣ್ಣದ ವಾಸನೆ. ಆ ಕೋಣೆ ಅಷ್ಟು ಚಂದ ಎಂದೂ ಕಂಡಿರಲಿಲ್ಲ, ಮತ್ತು ಅಷ್ಟು ಖಾಲಿಯೂ ಎಂದೂ ಕಂಡಿರಲಿಲ್ಲ. ಓದುವವರೆಲ್ಲಿ ಎಂದು ಮಾಸ್ತರರನ್ನು ಕೇಳಬೇಕೆಂದು ಬಾಯಿ ತೆರೆಯುವುದರೊಳಗೆ ಜೀಪು ಬಂದು ನಿಂತಿತು.

ಸಾಹೇಬರು ಕೆಟ್ಟವರಲ್ಲ. ಸಣ್ಣ ವಯಸ್ಸಿನ, ಮೃದು ಮಾತಿನ ಮನುಷ್ಯ. ಚಪ್ಪಲಿ ಬಿಟ್ಟು ಒಳಗೆ ಬಂದರು. ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ಬಿಡಿಸಿದರು. ಹೊಸ ರಟ್ಟು ಕಟಕ್ಕೆಂದಿತು. ಇನ್ನೊಂದು ತೆಗೆದರು, ಅದೂ ಹಾಗೇ. "ಬಹಳ ಚೆನ್ನಾಗಿ ಇಟ್ಟಿದ್ದೀರಿ" ಎಂದರು. ಮಾಸ್ತರರು ಕೈ ಮುಗಿದರು. "ಓದುವವರು ಯಾವಾಗ ಬರುತ್ತಾರೆ?" ಎಂದು ಸಾಹೇಬರು ಕೇಳಿದರು.

"ತಾವು ಬರ್ತೀರಿ ಅಂತ ಇವತ್ತು ಯಾರನ್ನೂ ಒಳಗ ಬಿಟ್ಟಿಲ್ರೀ ಸಾಹೇಬ್ರ" ಎಂದರು ಮಾಸ್ತರರು, ಎದೆ ಉಬ್ಬಿಸಿ.

ನನಗೆ ತಡೆಯಲಾಗಲಿಲ್ಲ. "ಸರ್, ದಿನಾ ಮಧ್ಯಾಹ್ನ ಇಲ್ಲಿ ಹೆಣ್ಮಕ್ಕಳು ಬಂದು ಓದ್ತಾರ್ರಿ. ನಮ್ಮ ಅವ್ವನೂ ಬರ್ತಾಳ್ರಿ. ಹೊಸದಾಗಿ ಅಕ್ಷರ ಕಲಿತವರು. ಅವರಿಗೆ ಇದೊಂದ ಜಾಗ ಐತ್ರಿ" ಎಂದೆ. ಸಾಹೇಬರು ನನ್ನತ್ತ ತಿರುಗಿದರು. ಅವರಿಗೆ ಖುಷಿಯಾಗಿತ್ತು, ಸುಳ್ಳಲ್ಲ. "ಹೌದಾ? ಕರೆಯಿರಲ್ಲ, ಒಂದು ಪುಟ ಓದಲಿ, ಕೇಳೋಣ" ಎಂದರು.

ನಾನು ಓಡಿದೆ. ದೂರವೇನೂ ಹೋಗಬೇಕಾಗಿರಲಿಲ್ಲ. ಅವ್ವ ಮತ್ತು ಬಳೆಯವಳು ಹಿಂದಿನ ಗೋಡೆಯ ಮರೆಯಲ್ಲಿ, ಆ ಪುಸ್ತಕದ ಚೀಲದ ಪಕ್ಕ, ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಒಳಗಿನ ಮಾತೆಲ್ಲ ಅವರಿಗೆ ಕೇಳಿತ್ತು.

"ಬಾ ಯವ್ವಾ, ಕರ್ಯಾಕತ್ತಾರ. ಒಂದು ಪುಟ ಓದಿದರ ಸಾಕು."

"ನಾ ಒಲ್ಲೆ."

"ದಿನಾ ಓದ್ತೀ ಅಲ್ಲ!"

"ದಿನಾ ಓದೂದ ಬ್ಯಾರೆ. ಅಷ್ಟು ದೊಡ್ಡ ಮನಿಶಾ ಕುಂತಾನ, ಅವನ ಮುಂದ ನಾ ತಡವರಿಸಿದೆ ಅಂದ್ರ ಮಾಸ್ತರ ಮರ್ಯಾದಿ ಏನಾಗಬೇಕು? ಇಂಥವ್ರನ ಇಟ್ಟಗೊಂಡು ಓದಸ್ತಾನೇನು ಅನ್ನೂದಿಲ್ಲೇನು?"

"ತಡವರಿಸಿದರ ತಡವರಿಸು! ಓದಲಿಲ್ಲ ಅಂದ್ರ ಬಾಗಿಲ ಹಾಕತಾರ, ತಿಳೀವಲ್ದೇನ ನಿನಗ?" ನಾನು ಅವಳ ಮುಂಗೈ ಹಿಡಿದು ಎಳೆದೆ. ಅವಳು ಗೋಡೆಗೆ ಅಂಟಿ ನಿಂತಳು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಕೈ ಅದು, ನನ್ನಿಂದ ಅಲುಗಾಡಲಿಲ್ಲ. ಬಳೆಯವಳನ್ನು ನೋಡಿದೆ, ಅವಳು ನೆಲ ನೋಡಿದಳು. "ಕ್ವಾಣಿ ಛಲೋ ಕಾಣಾಕತ್ತೈತಿ. ಅಷ್ಟ ನೋಡಿ ಹೋಗ್ಲಿ ಬಿಡವ್ವಾ, ಅದ ಛಲೋ" ಎಂದಳು ಅವ್ವ. ಅವಳ ದನಿಯಲ್ಲಿ ಒಂದಿಷ್ಟೂ ಸಂಶಯವಿರಲಿಲ್ಲ.

ನಾನು ಒಬ್ಬಳೇ ಮರಳಿದಾಗ ಸಾಹೇಬರು ಜೀಪು ಹತ್ತುತ್ತಿದ್ದರು. ನನ್ನ ಹಿಂದೆ ಯಾರೂ ಇಲ್ಲದ್ದನ್ನು ಕಂಡರು. "ಮುಂದೆ ಎಲ್ಲ ಒಂದೇ ಕಡೆ ದೊಡ್ಡದಾಗಿ ಆಗುತ್ತದೆ ಮೇಡಂ. ಕಂಪ್ಯೂಟರ್ ಬರುತ್ತದೆ. ನಿಮ್ಮ ತಾಯಿಯವರಿಗೂ ಅನುಕೂಲ" ಎಂದರು. ಮಾಸ್ತರರು ಚೀಲದಲ್ಲಿ ಕಟ್ಟಿಟ್ಟ ಪುಸ್ತಕಗಳ ಮಾತನ್ನು ಎತ್ತಲೇ ಇಲ್ಲ. ನಾನು ಎತ್ತಲು ಹೋದಾಗ ಜೀಪಿನ ಸದ್ದಿನಲ್ಲಿ ನನ್ನ ಮಾತು ಯಾರಿಗೂ ಕೇಳಲಿಲ್ಲ.

ಆ ಸಂಜೆ ಓಣಿಗೆ ಹಬ್ಬ. ಸಾಹೇಬರು ಹೊಗಳಿದರು, ಒಂದು ಧೂಳಿನ ಕಣ ಕಾಣಲಿಲ್ಲ ಎಂದು ಅವ್ವ ಎಲ್ಲರಿಗೂ ಹೇಳಿದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದರೆ ಅವಳ ಮುಖ ನೋಡಿ ಆಗಲಿಲ್ಲ. ಇಷ್ಟು ಪ್ರೀತಿಯಿಂದ ಒಂದು ಕೋಣೆಯನ್ನು ತೊಳೆದು ಒರೆಸಿ ಕೈಯಾರೆ ಸಾವಿಗೆ ಒಪ್ಪಿಸಿದವರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆದೇಶ ಬರುವವರೆಗೂ ನಾನು ಅಂಚೆಯವನನ್ನು ಕಂಡರೆ ಹೆದರುತ್ತಿದ್ದೆ.

ಆದೇಶ ಬಂದದ್ದು ಮಾಸ್ತರರ ನಿವೃತ್ತಿಯ ಹೊತ್ತಿಗೆ. ಓದುಗರಿಲ್ಲದ ಶಾಖೆ, ಪುಸ್ತಕಗಳು ಸುಸ್ಥಿತಿಯಲ್ಲಿವೆ, ವರ್ಗಾಯಿಸಬಹುದು ಎಂಬ ಅರ್ಥ ಬರುವಂತೆ ಇತ್ತಂತೆ. ದಪ್ಪ ಪುಸ್ತಕಗಳು ಟೆಂಪೋ ಹತ್ತಿ ಹೋದವು. ಚೀಲದ ಪುಸ್ತಕಗಳನ್ನು ರದ್ದಿಗೆ ಹಾಕಬೇಕೆಂದಾಗ ಮಾಸ್ತರರು ಅವನ್ನು ಅವ್ವನ ಕೈಗೇ ಕೊಟ್ಟು, ತಲೆ ಎತ್ತದೆ ಮುದ್ದೇಬಿಹಾಳದ ಬಸ್ಸು ಹತ್ತಿದರು. ಆ ಕೋಣೆ ಕೆಲವು ದಿನ ಬೀಗ ಹಾಕಿಕೊಂಡಿತ್ತು. ಆಮೇಲೆ ಯಾರೋ ಅದರಲ್ಲಿ ಸಿಮೆಂಟಿನ ಚೀಲ ಪೇರಿಸಿದರು.

ಹೊಸ ಜಾಗ ಊರ ಆ ಕಡೆ ಒಂದು ಮಹಡಿಯ ಮೇಲಿತ್ತು. ದೊಡ್ಡ ಸಭಾಂಗಣ, ಫ್ಯಾನು, ಉಕ್ಕಿನ ಕುರ್ಚಿಗಳು. ನಾನೇ ಅವ್ವನನ್ನೂ ಬಳೆಯವಳನ್ನೂ ಒಂದು ರವಿವಾರ ಕರೆದುಕೊಂಡು ಹೋದೆ. ಒಳಗೆಲ್ಲ ನೌಕರಿಯ ಪರೀಕ್ಷೆಗೆ ಓದುವ ಹುಡುಗರು. ಒಬ್ಬೊಬ್ಬರ ಮುಂದೆಯೂ ದಪ್ಪ ಗೈಡು. ಯಾರೂ ತಲೆ ಎತ್ತರು. ಅವ್ವ ಪತ್ರಿಕೆ ಹಿಡಿದು ಕೂತಳು, ರೂಢಿಯಂತೆ ಬಾಯಿ ತೆರೆದಳು. ಒಂದು ಸಾಲು ಮುಗಿಯುವುದರೊಳಗೆ ಪಕ್ಕದ ಹುಡುಗ ತಿರುಗಿದ. ಒರಟಾಗಿ ಏನೂ ಅನ್ನಲಿಲ್ಲ. "ಕಾಕೂ, ಸ್ವಲ್ಪ ಮನಸ್ಸಿನ್ಯಾಗ ಓದ್ರಿ. ಪರೀಕ್ಷಾ ಐತ್ರಿ" ಎಂದ.

ಅವ್ವ ಬಾಯಿ ಮುಚ್ಚಿದಳು. ಪತ್ರಿಕೆಯ ಮೇಲೆ ಕಣ್ಣು ಇಟ್ಟುಕೊಂಡೇ ಕೂತಿದ್ದಳು. ಅವಳಿಗೆ ಅಲ್ಲಿ ಏನು ಕಾಣುತ್ತಿತ್ತೆಂದು ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಹಾಳೆಯ ಮಡಿಕೆ ಸರಿಮಾಡಿ ಮೇಜಿನ ಮೇಲಿಟ್ಟು, "ನಡಿ, ಹಿಟ್ಟು ನಾದೂದೈತಿ" ಎಂದು ಎದ್ದಳು. ಆಮೇಲೆ ಆ ಮೆಟ್ಟಿಲು ಹತ್ತಲಿಲ್ಲ. ಅವರಿಬ್ಬರಿಗೂ ಗಟ್ಟಿಯಾಗಿ ಓದಲು ಒಂದು ಮೂಲೆ ಕೊಡಿ ಎಂದು ನಾನು ಅಲ್ಲಿಯವರಲ್ಲಿ ಕೇಳಿದೆ. ಅವರು ಫಲಕ ತೋರಿಸಿದರು. ಹುಡುಗರದೂ ತಪ್ಪಿಲ್ಲ, ಅವರಿಗೂ ಮನೆಯಲ್ಲಿ ಕೂತು ಓದಲು ಜಾಗವಿರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದ್ದಕ್ಕೇ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಮನೆಯಲ್ಲೇ ಓದು ಎಂದೆ. ಚೀಲದ ಪುಸ್ತಕಗಳಿದ್ದವು, ನಾನೂ ಶಾಲೆಯಿಂದ ತಂದುಕೊಡುತ್ತಿದ್ದೆ. ಆದರೆ ಮನೆಯಲ್ಲಿ ಅವಳು ಕೂರುವುದೆಂದರೆ ಕಾಳು ಹಸನು ಮಾಡಲು ಮಾತ್ರ. ಪುಸ್ತಕ ಹಿಡಿದರೆ ಒಲೆ ಕರೆಯುತ್ತದೆ, ಬಾಗಿಲು ಕರೆಯುತ್ತದೆ, ನಾನು ಕರೆಯುತ್ತೇನೆ. ಬಳೆಯವಳು ಮಧ್ಯಾಹ್ನದ ಧಾರಾವಾಹಿಗೆ ಹೊಂದಿಕೊಂಡಳು. ಅವಳಿಲ್ಲದೆ ಅವ್ವನಿಗೆ ಇನ್ನೊಂದು ವಾಕ್ಯ ಓದುವವರೇ ಇಲ್ಲ. ಒಂದೆರಡು ಸಲ ನಾನು ಪಕ್ಕದಲ್ಲಿ ಕೂತೆ. "ನೀ ಬಾಳ ಗಡಿಬಿಡಿ ಮಾಡ್ತೀ" ಎಂದು ಪುಸ್ತಕ ಮಡಚಿದಳು. ಯಾವಾಗ ಪೂರ್ತಿ ನಿಲ್ಲಿಸಿದಳೋ ನನಗೆ ಗೊತ್ತಾಗಲಿಲ್ಲ. ಅಂಥದ್ದು ಸದ್ದು ಮಾಡಿ ನಿಲ್ಲುವುದಿಲ್ಲ.

ಎರಡು ಸಾವಿರದ ಇಸವಿಯಾದ ಮೇಲೆ ನನಗೆ ಬಸವನ ಬಾಗೇವಾಡಿ ತಾಲೂಕಿಗೆ ವರ್ಗವಾಯಿತು. ಅವ್ವನನ್ನು ಕರೆದುಕೊಂಡು ಹೋಗಿ ಅಲ್ಲೇ ಮನೆ ಮಾಡಿದೆ. ತವರೂರು ಹತ್ತಿರವಾಯಿತೆಂದು ಅವಳಿಗೆ ಸಂತೋಷ. ನಮ್ಮ ಶಾಲೆಯ ಗ್ರಂಥಾಲಯ ಎಂದರೆ ಒಂದು ಟ್ರಂಕು. ಅದರ ಕೀಲಿ ಯಾರ ಹತ್ತಿರ ಇದೆ ಎಂಬುದೇ ಒಂದು ಚರ್ಚೆ. ತರಬೇತಿಗೆ ಹೋದಲ್ಲೆಲ್ಲ, ಇನ್ನು ಮುಂದೆ ಪುಸ್ತಕಗಳು ಕಂಪ್ಯೂಟರಿನೊಳಗೆ ಬರುತ್ತವೆ, ಗ್ರಂಥಾಲಯ ಮನೆ ಬಾಗಿಲಿಗೇ ಬರುತ್ತದೆ ಎಂದು ಭಾಷಣ ಮಾಡುತ್ತಿದ್ದರು. ಬರಲಿ, ಬೇಡವೆಂದವರು ಯಾರು? ಆದರೆ ತಡವರಿಸಿ ಓದುವವರ ಎದುರಿಗೆ ಕೂತು, ಒಂದು ಶಬ್ದ ನುಂಗಿದೆ, ಹೊಳ್ಳಿ ಬಾ ಎನ್ನಲು ಯಾರು ಬರುತ್ತಾರೆ ಎಂದು ನಾನು ಕೇಳಿದರೆ, ಮೇಡಂ ತಮಾಷೆ ಮಾಡುತ್ತಾರೆ ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ, ಭಯವಾಗುತ್ತಿತ್ತು.

ಅದೇ ದಿನಗಳಲ್ಲಿ ಅವ್ವ ಕಣ್ಣಿನ ಮಾತು ತೆಗೆದಳು. ಮದುವೆಯ ಕಾರ್ಡು ಬಂದರೆ ನನ್ನತ್ತ ಚಾಚಿ, "ಯಾರದೈತಿ ನೋಡು, ನನಗ ಮಂಜ ಮಂಜ ಕಾಣತೈತಿ" ಎನ್ನುವಳು. ಔಷಧದ ಬಾಟಲಿಯನ್ನೂ ಹಾಗೇ ಚಾಚುವಳು. ವಯಸ್ಸಾಯಿತು, ಚಸ್ಮಾ ಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಓದು ನಿಂತದ್ದಕ್ಕೆ ಕಣ್ಣೇ ಕಾರಣವಾದರೆ ಅದಕ್ಕೆ ಮದ್ದಿದೆಯಲ್ಲ! ಚಸ್ಮಾ ಬಂದ ಕೂಡಲೇ ಹೊಸ ಪುಸ್ತಕಗಳನ್ನು ತಂದು, ಈ ಸಲ ಸಿಟ್ಟು ಮಾಡದೆ, ನಾನೇ ಅವಳ ಎದುರಿಗೆ ಕೂರಬೇಕೆಂದು ನಿಶ್ಚಯ ಮಾಡಿದೆ.

ಬಾಗೇವಾಡಿಗೆ ವಾರಕ್ಕೊಮ್ಮೆ ಬರುತ್ತಿದ್ದ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ, ಎದುರಿನ ಗೋಡೆಯಲ್ಲಿ ಕನ್ನಡ ಅಕ್ಷರಗಳ ಹಲಗೆಗೆ ದೀಪ ಹಾಕಿದರು.

"ಇವರಿಗೆ ಓದಾಕ ಬರ್ತೈತೇನ್ರಿ?" ಎಂದು ನನ್ನನ್ನು ಕೇಳಿದರು.

"ಬರ್ತೈತ್ರಿ" ಎಂದೆ ನಾನು.

"ಹೇಳ್ರಿ ಅವ್ವಾರ, ಮ್ಯಾಲಿನ ಸಾಲು."

ಅವ್ವ ನೋಡಿದಳು. ಡಾಕ್ಟರರು ಒಂದು ಗಾಜು ಬದಲಿಸಿದರು. "ಈಗ ಕಾಣಾಕತ್ತೈತಿ?" "ಕಾಣಾಕತ್ತೈತ್ರಿ." "ಹಂಗಾರ ಹೇಳ್ರಿ." ಅವಳು ಮತ್ತೆ ನೋಡಿದಳು. ತುಟಿಗಳು ಸ್ವಲ್ಪ ಅಲುಗಿದವು. ಮೊದಲನೆಯದು ದೊಡ್ಡ 'ಗ'. ಹೇಳು, ಯವ್ವಾ, ಹೇಳು ಎಂದು ನನ್ನೊಳಗೇ ಕೂಗುತ್ತಿದ್ದೆ. ಅವಳು ನನ್ನತ್ತ ಒಮ್ಮೆ ನೋಡಿ, ಡಾಕ್ಟರರತ್ತ ತಿರುಗಿದಳು.

"ನನಗ ಓದಾಕ ಬರೂದಿಲ್ರೀ ಸಾಹೇಬ್ರ" ಎಂದಳು.

ಅವರು ಹಲಗೆಯನ್ನು ಹೊರಳಿಸಿದರು. ಆ ಮಗ್ಗುಲಿಗೆ ಓದು ಬಾರದವರಿಗಾಗಿ ಮಾಡಿದ ಗುರುತುಗಳಿದ್ದವು, ಮೂರು ಹಲ್ಲಿನ ಬಾಚಣಿಗೆಯಂಥವು. ಹಲ್ಲು ಮೇಲಿದೆಯೋ ಕೆಳಗಿದೆಯೋ ಎಂದು ಕೈಯಿಂದ ತೋರಿಸಿದರೆ ಸಾಕು. ಅವ್ವ ತೋರಿಸಿದಳು. ಮೇಲೆ, ಎಡಕ್ಕೆ, ಕೆಳಗೆ, ಬಲಕ್ಕೆ. ಕಟ್ಟಕಡೆಯ ಸಾಲಿನ ಸಣ್ಣ ಗುರುತುಗಳವರೆಗೂ ಒಂದೂ ತಪ್ಪಲಿಲ್ಲ, ಒಮ್ಮೆಯೂ ತಡವರಿಸಲಿಲ್ಲ. ಡಾಕ್ಟರರು ದೀಪ ಆರಿಸಿದರು.

"ಕಣ್ಣು ಬಾಳ ಛಲೋ ಅದಾವ್ರಿ" ಎಂದು ನನಗೆ ಹೇಳಿದರು. "ಈ ವಯಸ್ಸಿಗೆ ಹತ್ತಿರದ್ದು ಸ್ವಲ್ಪ ಮಂಜಾಗೂದು ಇರೂದ. ಅದಕ್ಕ ಚಸ್ಮಾ ಓದೋರಿಗೆ ಬೇಕಾಗತೈತಿ. ಇವರಿಗ್ಯಾಕ್ರಿ?"